ಊರಲ್ಲಿಟ್ಟ ನಕ್ಷೆ: ಬೆಳಗಾವಿ–ಖಾನಾಪುರ ಸೀಮೆಯಲ್ಲಿ ಭೂಚಿತ್ರಗಳ ಮೂಲ ಮತ್ತು ನಕಲು

ಜಮೀನಿನ ಚಿತ್ರ ಸಿದ್ಧವಾಗುವ ಜಾಗ ಒಂದು, ಅದನ್ನು ಕಾಯ್ದಿಡುವ ಜಾಗ ಇನ್ನೊಂದು, ಅದನ್ನು ಬಿಡಿಸಿ ನೋಡಬೇಕಾಗಿ ಬರುವ ಜಾಗ ಮತ್ತೊಂದು ಆಗಿರುವುದು ಬೆಳಗಾವಿ ಜಿಲ್ಲೆಯ ಕಂದಾಯ ಆಡಳಿತಕ್ಕೆ ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದಲೂ ಅಂಟಿಕೊಂಡು ಬಂದ ಪರಿಸ್ಥಿತಿ. ನಕ್ಷೆ ಅಚ್ಚಾಗುತ್ತಿದ್ದುದು ಪುಣೆಯಲ್ಲಿ, ಜಿಲ್ಲೆಯ ಕಡತಗಳು ಇರುತ್ತಿದ್ದುದು ಬೆಳಗಾವಿಯಲ್ಲಿ, ಬದುವಿನ ಜಗಳ ಹುಟ್ಟುತ್ತಿದ್ದುದು ಜಾಂಬೋಟಿ, ಕಣಕುಂಬಿ, ನಂದಗಡಗಳ ಗದ್ದೆಗಳಲ್ಲಿ. ಈ ಅಂತರವನ್ನು ನೀಗಿಸಲು ಕಂದಾಯ ಇಲಾಖೆ ಕಂಡುಕೊಂಡ ದಾರಿ ಊರಲ್ಲೇ ಒಂದು ಪ್ರತಿಯನ್ನು ಇರಿಸುವುದಾಗಿತ್ತು. ಇಂದು ಅದೇ ಕೆಲಸವನ್ನು ಮೊಬೈಲ್ ಆ್ಯಪ್ ಮಾಡುತ್ತದೆ. ದೂರದ ಸರ್ವರಿನಿಂದ ಒಮ್ಮೆ ತರಿಸಿದ ಚಿತ್ರವನ್ನು ಮತ್ತೆ ಮತ್ತೆ ತರಿಸದೆ ಫೋನಿನ ಸ್ವಂತ ಸಂಗ್ರಹದಲ್ಲಿ ಉಳಿಸಿಕೊಳ್ಳುವ ಈ ಕ್ರಮವನ್ನು ಗಣಕಶಾಸ್ತ್ರದಲ್ಲಿ ಕ್ಯಾಶ್ ಎಂದು ಕರೆಯುತ್ತಾರೆ. ಅದರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ವೇಗದ ಲೆಕ್ಕವನ್ನೇ ಮುಂದಿಡುತ್ತಾರೆ. ಖಾನಾಪುರ ಸೀಮೆಯ ದಾಖಲೆಗಳ ಚರಿತ್ರೆಯನ್ನು ಹಿಡಿದು ನೋಡಿದರೆ ವೇಗಕ್ಕಿಂತ ಭಾರವಾದ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಕೈಯಲ್ಲಿರುವುದು ಕಳೆದರೂ ಮತ್ತೆ ಪಡೆಯಬಹುದಾದ ನಕಲೋ, ಕಳೆದರೆ ಎಲ್ಲಿಯೂ ಸಿಗದ ಮೂಲವೋ?

ಖಾನಾಪುರ ತಾಲೂಕು ಬೆಳಗಾವಿ ನಗರದಿಂದ ಸುಮಾರು 26 ಕಿಲೋಮೀಟರ್ ದೂರದ ಪಟ್ಟಣವನ್ನು ಕೇಂದ್ರವಾಗಿ ಹೊಂದಿದ್ದರೂ ಅದರ ಪಶ್ಚಿಮದ ಅಂಚು ಸಹ್ಯಾದ್ರಿಯ ನೆತ್ತಿಯಲ್ಲಿದೆ. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿದರೆ, ಮಹಾದಾಯಿ ಅದೇ ತಾಲೂಕಿನ ದೇಗಾಂವದ ಬಳಿ ಹುಟ್ಟಿ ಪಶ್ಚಿಮಕ್ಕೆ ಗೋವೆಯ ಕಡೆಗೆ ಇಳಿಯುತ್ತದೆ. 2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿಧಾಮದ ಕಾಡು ಈ ಭಾಗವನ್ನು ಆವರಿಸಿದ್ದು, ಆಮಗಾಂವ, ಗವಾಳಿಗಳಂಥ ಹಳ್ಳಿಗಳು ಅದರೊಳಗೇ ಇವೆ. ಪೂರ್ವಕ್ಕೆ ಬೀಡಿ, ಇಟಗಿಗಳ ಕಡೆ ಹೋದಂತೆ ಮಳೆ ಕಡಿಮೆಯಾಗಿ ಹೊಲಗಳು ದೊಡ್ಡದಾಗುತ್ತವೆ. ಪಶ್ಚಿಮದಲ್ಲಿ ಮಾತ್ರ ಇಳಿಜಾರನ್ನು ಕಡಿದು ಮಾಡಿದ ಭತ್ತದ ಗದ್ದೆಗಳು, ಒಂದರ ಬದುವಿಗೆ ಇನ್ನೊಂದು ತಾಗಿಕೊಂಡು, ಕೆಲವು ಕಡೆ ಗುಂಟೆಗಳ ಲೆಕ್ಕದಲ್ಲೇ ಮುಗಿದುಹೋಗುವಷ್ಟು ಸಣ್ಣದಾಗಿವೆ. ಮುಂಗಾರಿನ ತಿಂಗಳುಗಳಲ್ಲಿ ಹಳ್ಳಗಳು ತುಂಬಿ ದಾರಿ ಮುಚ್ಚುವ ಇಂಥ ನೆಲದಲ್ಲಿ ತಾಲೂಕು ಕಚೇರಿಗೆ ಹೋಗಿ ನಕ್ಷೆ ನೋಡಿ ಬರುವುದು ಒಂದು ದಿನದ ಕೆಲಸವಾಗಿರಲಿಲ್ಲ.

ಬ್ರಿಟಿಷರ ಸರ್ವೆಗೆ ಮುಂಚೆ ಈ ಸೀಮೆಯಲ್ಲಿ ಜಮೀನಿಗೆ ಚಿತ್ರವೇ ಇರಲಿಲ್ಲ, ಮಾತಿನ ವಿವರಣೆ ಮಾತ್ರ ಇತ್ತು. ದತ್ತಿಯ ಹೊಲವನ್ನು ಬರಹದಲ್ಲಿ ಗುರುತಿಸುವ ಪದ್ಧತಿ ತಾಲೂಕಿನ ಹಲಸಿಯಲ್ಲಿ, ಅಂದರೆ ಕದಂಬರ ಕಾಲದ ಪಲಾಶಿಕೆಯಲ್ಲಿ, ದೊರೆತ ತಾಮ್ರಪಟಗಳಷ್ಟು ಹಳೆಯದು. ಆ ಪಟಗಳನ್ನು ಜೆ. ಎಫ್. ಫ್ಲೀಟ್ 1870ರ ದಶಕದಲ್ಲಿ ಇಂಡಿಯನ್ ಆಂಟಿಕ್ವೆರಿಯಲ್ಲಿ ಪ್ರಕಟಿಸಿದನು. ತಾಮ್ರಪಟ ಇರುತ್ತಿದ್ದುದು ದಾನ ಪಡೆದವನ ಕೈಯಲ್ಲಿ, ಅಂದರೆ ದಾಖಲೆ ಅದರ ಅಗತ್ಯವಿದ್ದವನ ಬಳಿಯೇ. ಮರಾಠರ ಆಳ್ವಿಕೆಯ ಹೊತ್ತಿಗೆ ಆ ಸ್ಥಾನಕ್ಕೆ ಊರ ಕುಲಕರ್ಣಿ ಬಂದಿದ್ದನು. ಕುಲಕರ್ಣಿ ಎಂದರೆ ವಂಶಪಾರಂಪರ್ಯವಾಗಿ ಊರಿನ ಲೆಕ್ಕ ಬರೆಯುವ ವತನದಾರ. ಅವನ ಕಾಗದಗಳ ಒಟ್ಟು ಸಂಗ್ರಹವೇ ದಫ್ತರ. ಅವುಗಳನ್ನು ಕಟ್ಟಿಡುವ ಬಟ್ಟೆಯ ಗಂಟು ರುಮಾಲು. ಕೈ ಎತ್ತದೆ ಓಡಿಸಿ ಬರೆಯುವ ಮೋಡಿ ಲಿಪಿಯಲ್ಲಿದ್ದ ಈ ಕಾಗದಗಳನ್ನು ಊರಿನ ಬಹುಪಾಲು ಜನ ಓದಲಾರರು, ಓದಬಲ್ಲವನ ಮನೆಯಲ್ಲೇ ಅವು ಇರುತ್ತಿದ್ದವು. ಇದು ನಕಲಾಗಿರಲಿಲ್ಲ. ಊರಿನ ಹಿಡುವಳಿಯ ವಿವರಕ್ಕೆ ರುಮಾಲಿನಲ್ಲಿದ್ದುದೇ ಮೂಲವಾಗಿತ್ತು, ಮೇಲಿನ ಕಚೇರಿಗಳಿಗೆ ಹೋಗುತ್ತಿದ್ದುದು ಅದರ ಸಾರಾಂಶ.

ಮೂಲವು ಒಂದೇ ಕಡೆ ಇರುವ ವ್ಯವಸ್ಥೆಯ ದೌರ್ಬಲ್ಯ ಖಾನಾಪುರದವರಿಗೆ ಚೆನ್ನಾಗಿ ತಿಳಿದಿತ್ತು. 1824ರ ಯುದ್ಧದ ನಂತರ ಕಿತ್ತೂರು ಸಂಸ್ಥಾನ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಹೋಗಿ, ಇನಾಮು, ಅಂದರೆ ತೆರಿಗೆಯಿಲ್ಲದ ಅಥವಾ ಕಡಿಮೆ ತೆರಿಗೆಯ, ಜಮೀನುಗಳ ತಪಾಸಣೆ ಮತ್ತು ತೆರಿಗೆಯ ಏರಿಕೆ ಶುರುವಾದಾಗ ಸಂಗೊಳ್ಳಿ ರಾಯಣ್ಣನ ಬಂಡಾಯ ಮೊದಲು ಕೈಹಾಕಿದ ಗುರಿಗಳಲ್ಲಿ ಬೀಡಿಯ ಸರಕಾರಿ ಕಚೇರಿಯೂ ಒಂದು. 1830ರ ಆರಂಭದಲ್ಲಿ ಅದಕ್ಕೆ ಬೆಂಕಿ ಬಿತ್ತು. ಮುಂದಿನ ವರ್ಷದ ಜನವರಿಯಲ್ಲಿ ರಾಯಣ್ಣನನ್ನು ಅದೇ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಕಚೇರಿಯ ಮೇಲಿನ ದಾಳಿಯನ್ನು ಚರಿತ್ರೆಕಾರರು ಸಾಮಾನ್ಯವಾಗಿ ಶೌರ್ಯದ ಪ್ರಸಂಗವಾಗಿಯೇ ಬರೆಯುತ್ತಾರೆ; ಜಮೀನು ಕಳೆದುಕೊಂಡವರ ಕಣ್ಣಿನಿಂದ ನೋಡಿದರೆ ಅದು ಕಾಗದದ ಮೇಲಿನ ದಾಳಿಯೂ ಹೌದು.

ಬೆಳಗಾವಿ ಕೋಟೆ 1818ರಲ್ಲಿ ಬ್ರಿಟಿಷ್ ಸೇನಾನಿ ಥಾಮಸ್ ಮನ್ರೋನ ಸೇನೆಗೆ ಶರಣಾದ ಮೇಲೆ ಈ ಪ್ರದೇಶ ಧಾರವಾಡದ ಕಲೆಕ್ಟರನ ಅಧೀನದಲ್ಲಿತ್ತು. ಆ ಜಿಲ್ಲೆ ಅತಿ ದೊಡ್ಡದಾಯಿತೆಂದು 1836ರಲ್ಲಿ ಬೆಳಗಾವಿಯನ್ನು ಪ್ರತ್ಯೇಕಿಸಲಾಯಿತು. ಮುಂಬಯಿ ಸರಕಾರಕ್ಕೆ ಊರ ದಫ್ತರಗಳ ಮೇಲೆ ನಂಬಿಕೆ ಇರಲಿಲ್ಲ. ಇನಾಮು ಕಮಿಷನ್, ಅಂದರೆ ಇನಾಮು ಜಮೀನುಗಳ ಹಕ್ಕನ್ನು ಪರೀಕ್ಷಿಸುವ ಸಮಿತಿ, 1840ರ ದಶಕದಲ್ಲಿ ದಕ್ಷಿಣ ಮರಾಠಾ ಸೀಮೆಯಲ್ಲೇ ಕೆಲಸ ಆರಂಭಿಸಿ, 1852ರ ಕಾಯಿದೆಯಿಂದ ಬಲ ಪಡೆದು, ಕುಲಕರ್ಣಿಗಳ ಮತ್ತು ಪರಗಣೆಯ ಲೆಕ್ಕ ನೋಡುವ ದೇಶಪಾಂಡೆಗಳ ಬಳಿಯ ಕಾಗದಗಳನ್ನು ತರಿಸಿಕೊಂಡು ಪುಣೆಯಲ್ಲಿದ್ದ ಪೇಶ್ವೆ ದಫ್ತರದ ನಮೂದುಗಳೊಂದಿಗೆ ಹೋಲಿಸಿ ನೋಡಿತು. ಎರಡೂ ತಾಳೆಯಾಗದ ಕಡೆ ಊರಿನ ಕಾಗದ ಸೋತಿತು. ಆ ತನಕ ಮೂಲವೆನಿಸಿಕೊಂಡಿದ್ದ ರುಮಾಲು ಹೀಗೆ ಸಂದೇಹಾಸ್ಪದ ನಕಲಿನ ಸ್ಥಾನಕ್ಕೆ ಇಳಿಯಿತು. ಕಾಗದದಲ್ಲಿ ಒಂದಕ್ಷರವೂ ಬದಲಾಗದೆ ಅದರ ದರ್ಜೆ ಮಾತ್ರ ಬದಲಾದದ್ದು ಗಮನಿಸತಕ್ಕ ಸಂಗತಿ.

ಚಿತ್ರ ಬಂದದ್ದು ಸರ್ವೆಯೊಂದಿಗೆ. ಪುಣೆ ಜಿಲ್ಲೆಯ ಇಂದಾಪುರದಲ್ಲಿ 1835–36ರಲ್ಲಿ ಎಚ್. ಇ. ಗೋಲ್ಡ್‌ಸ್ಮಿಡ್ ಮತ್ತು ಜಾರ್ಜ್ ವಿಂಗೇಟ್ ಆರಂಭಿಸಿದ ಅಳತೆಯ ಕ್ರಮ, ಡೇವಿಡ್ಸನ್ ಸಹ ಸೇರಿ ಬರೆದ 1847ರ ಜಂಟಿ ವರದಿಯಲ್ಲಿ ನಿಯಮದ ರೂಪ ಪಡೆಯಿತು. 30 ವರ್ಷಗಳಿಗೊಮ್ಮೆ ಕಂದಾಯ ನಿಗದಿ ಎಂಬ ಪದ್ಧತಿ ಇಲ್ಲಿಂದಲೇ ಬಂದದ್ದು. ದಕ್ಷಿಣ ಮರಾಠಾ ಸೀಮೆಯ ಸರ್ವೆ ವಿಂಗೇಟನ ಮೇಲ್ವಿಚಾರಣೆಯಲ್ಲೇ ಬೆಳೆದು ಶತಮಾನದ ನಡುಭಾಗದಲ್ಲಿ ಬೆಳಗಾವಿ ಜಿಲ್ಲೆಯನ್ನೂ ಆವರಿಸಿತು. ಅಳತೆಯ ಸಾಧನ 33 ಅಡಿಯ ಸರಪಳಿ, ಅದರ ಹದಿನಾರನೆಯ ಒಂದು ಪಾಲು ಆಣೆ. ಸರಪಳಿಯ ಉದ್ದವೇ ನಾಲ್ಕೂ ಬದಿಗಿರುವ ಚೌಕ ಒಂದು ಗುಂಟೆ, ಅಂದರೆ 1,089 ಚದರಡಿ. ಅಂಥ 40 ಗುಂಟೆಗಳಿಗೆ ಒಂದು ಎಕರೆ. ಇಂದಿಗೂ ಕರ್ನಾಟಕದ ರೈತ ಎಕರೆ–ಗುಂಟೆ–ಆಣೆಗಳಲ್ಲಿ ಜಮೀನು ಹೇಳುವಾಗ ಆ ಸರಪಳಿಯ ಲೆಕ್ಕವನ್ನೇ ಹೇಳುತ್ತಿರುತ್ತಾನೆ.

ಸರ್ವೆಯವರು ಪ್ರತಿ ಸರ್ವೆ ನಂಬರಿಗೂ, ಅಂದರೆ ಅಳೆದು ಸಂಖ್ಯೆ ಕೊಟ್ಟ ಜಮೀನಿನ ತುಂಡಿಗೂ, ಸ್ಥಳದಲ್ಲೇ ಬರೆದ ರೇಖಾಚಿತ್ರಕ್ಕೆ ಟಿಪ್ಪಣ ಎಂದು ಹೆಸರು. ಹೊಲದ ಉದ್ದಕ್ಕೆ ಒಂದು ಆಧಾರರೇಖೆ ಎಳೆದು, ಅದರ ಮೇಲೆ ಎಷ್ಟೆಷ್ಟು ದೂರಕ್ಕೆ ಬದುವಿನ ಮೂಲೆಗಳು ಎಡಕ್ಕೂ ಬಲಕ್ಕೂ ಲಂಬವಾಗಿ ಬೀಳುತ್ತವೆ ಎಂಬುದನ್ನು ಸರಪಳಿ–ಆಣೆಗಳಲ್ಲಿ ನಮೂದಿಸಿದ ಈ ಹಾಳೆ ನೋಡಲು ಒರಟು. ರೇಖೆಗಳು ಪ್ರಮಾಣಕ್ಕೆ ಸರಿಯಾಗಿ ಎಳೆದವಲ್ಲ, ಉದ್ದನೆಯ ಬದಿ ಗಿಡ್ಡವಾಗಿಯೂ ಗಿಡ್ಡ ಬದಿ ಉದ್ದವಾಗಿಯೂ ಕಾಣಬಹುದು. ಸತ್ಯವಿರುವುದು ರೇಖೆಯ ಪಕ್ಕದ ಅಂಕಿಗಳಲ್ಲಿ. ಆ ಅಂಕಿಗಳಿಂದ ತ್ರಿಕೋನ ಚತುಷ್ಕೋನಗಳನ್ನು ಕಟ್ಟಿ ವಿಸ್ತೀರ್ಣ ತೆಗೆಯುತ್ತಿದ್ದರು. ಟಿಪ್ಪಣದಿಂದ ಶುದ್ಧಪ್ರತಿಯಾಗಿ ಪ್ರತಿ ಬುಕ್ಕು, ಸರ್ವೆ ನಂಬರುವಾರು ವಿಸ್ತೀರ್ಣ ಮತ್ತು ಕಂದಾಯದ ಆಕಾರ ತೋರಿಸುವ ಆಕಾರಬಂದ್, ಕೊನೆಗೆ ಇಡೀ ಊರನ್ನು ಒಂದೇ ಹಾಳೆಯಲ್ಲಿ ಕಾಣಿಸುವ ಗ್ರಾಮ ನಕ್ಷೆ ಹುಟ್ಟುತ್ತಿದ್ದವು. ಗ್ರಾಮ ನಕ್ಷೆಯ ಪ್ರಮಾಣ ಒಂದು ಅಂಗುಲಕ್ಕೆ 20 ಸರಪಳಿ, ಅಂದರೆ 1:7,920, ಮೈಲಿಗೆ ಸರಿಯಾಗಿ ಎಂಟು ಅಂಗುಲ.

ಈ ಗ್ರಾಮ ನಕ್ಷೆಯನ್ನು ಹಲವು ಪ್ರತಿಗಳಾಗಿ ಮಾಡಲು ಸಾಧ್ಯವಾದದ್ದು ಛಾಯಾಗ್ರಹಣದಿಂದ. ಕೈಯಲ್ಲಿ ಬರೆದ ನಕ್ಷೆಯ ಫೋಟೊ ತೆಗೆದು, ಆ ಬಿಂಬವನ್ನು ಸತುವಿನ ತಗಡಿನ ಮೇಲೆ ಇಳಿಸಿ, ತಗಡಿನಿಂದ ಕಾಗದಕ್ಕೆ ಅಚ್ಚೊತ್ತುವ ಫೋಟೊಜಿಂಕೋಗ್ರಫಿ ಇಂಗ್ಲೆಂಡಿನ ಸರ್ವೆ ಇಲಾಖೆಯಲ್ಲಿ 1860ರ ಸುಮಾರಿಗೆ ರೂಢಿಗೆ ಬಂದು, ಬೇಗನೆ ಹಿಂದೂಸ್ಥಾನದ ಸರ್ವೆ ಕಚೇರಿಗಳನ್ನು ತಲುಪಿತು; ಮುಂಬಯಿ ಇಲಾಖೆಯ ಗ್ರಾಮ ನಕ್ಷೆಗಳು ಪುಣೆಯ ಸರಕಾರಿ ಫೋಟೊಜಿಂಕೋ ಮುದ್ರಣಾಲಯದಲ್ಲಿ ಅಚ್ಚಾಗಿ ಜಿಲ್ಲೆಗಳಿಗೆ ಬರುತ್ತಿದ್ದವು. ಬೆಳಗಾವಿಯಿಂದ ಪುಣೆ ಸುಮಾರು 340 ಕಿಲೋಮೀಟರ್. 1880ರ ದಶಕದ ಕೊನೆಗೆ ಸದರ್ನ್ ಮರಾಠಾ ರೈಲ್ವೆ ಲೋಂಡಾ, ಖಾನಾಪುರ, ಬೆಳಗಾವಿಗಳ ಮೂಲಕ ಹಾದುಹೋಗುವ ತನಕ ಆ ದಾರಿ ಗಾಡಿಯದು.

ಹೀಗೆ ಒಂದೇ ಊರಿನ ಚಿತ್ರ ಏಕಕಾಲಕ್ಕೆ ಹಲವು ಅಂತಸ್ತುಗಳಲ್ಲಿ ಇರತೊಡಗಿತು. ಮುದ್ರಣಾಲಯದಲ್ಲಿ ಅಚ್ಚಿನ ಮೂಲ, ಜಿಲ್ಲಾ ಭೂದಾಖಲೆ ಕಚೇರಿಯಲ್ಲಿ ಟಿಪ್ಪಣ ಮೊದಲಾದ ಮೂಲ ಕಾಗದಗಳು, ತಾಲೂಕು ಕಚೇರಿಯಲ್ಲಿ ನಕ್ಷೆಗಳ ಸಂಪುಟ, ಕುಲಕರ್ಣಿಯ ದಫ್ತರದಲ್ಲಿ ಆ ಒಂದೇ ಊರಿನ ನಕ್ಷೆ. ಕೆಳಗೆ ಬಂದಂತೆ ಸಂಗ್ರಹ ಚಿಕ್ಕದಾಗುತ್ತದೆ, ಬಳಕೆ ಹೆಚ್ಚುತ್ತದೆ. ಊರಿನ ಪ್ರತಿ ಮಳೆಗಾಲದ ತೇವಕ್ಕೆ, ಗೆದ್ದಲಿಗೆ, ಮಡಿಕೆಯ ಗೆರೆಗಳಲ್ಲಿ ಸೀಳುವುದಕ್ಕೆ ಗುರಿಯಾಗುತ್ತಿತ್ತಾದರೂ ಅದರಿಂದ ಯಾರ ಜಮೀನೂ ಹೋಗುತ್ತಿರಲಿಲ್ಲ. ಮೇಲಿನಿಂದ ಇನ್ನೊಂದು ಹಾಳೆ ತರಿಸಿದರಾಯಿತು. ಟಿಪ್ಪಣದ ಮಾತು ಬೇರೆ. ಸರಪಳಿ ಹಿಡಿದು ಹೊಲದಲ್ಲಿ ನಡೆದವನು ಒಮ್ಮೆ ಬರೆದ ಅಂಕಿಗಳು ಅವು; ಆ ಹಾಳೆ ನಾಶವಾದರೆ ಗ್ರಾಮ ನಕ್ಷೆಯಿಂದ ಅದನ್ನು ಮತ್ತೆ ಪಡೆಯಲು ಬರುವುದಿಲ್ಲ, ಏಕೆಂದರೆ ಮೈಲಿಗೆ ಎಂಟು ಅಂಗುಲದ ನಕ್ಷೆಯಲ್ಲಿ ಒಂದು ಗುಂಟೆಯ ಬದಿ ಅಂಗುಲದ ಇಪ್ಪತ್ತನೆಯ ಒಂದು ಭಾಗದಷ್ಟೇ ಆಗುತ್ತದೆ, ಪೆನ್ಸಿಲಿನ ಗೆರೆಯೇ ಅದರ ಒಂದಂಶವನ್ನು ನುಂಗಿಬಿಡುತ್ತದೆ.

ಪ್ರತಿಗಳು ಹೆಚ್ಚಿದಂತೆ ಅವು ಹಳತಾಗುವ ಸಮಸ್ಯೆ ಹುಟ್ಟಿತು. ಜಮೀನು ಹಂಚಿಕೆಯಾಗಿ ಪೋಟ ಹಿಸ್ಸೆಗಳಾದಾಗ, ಅಂದರೆ ಒಂದೇ ಸರ್ವೆ ನಂಬರು ಅಣ್ಣತಮ್ಮಂದಿರ ಪಾಲುಗಳಾಗಿ ಒಡೆದಾಗ, ಅಥವಾ ರಸ್ತೆ ಕಾಲುವೆಗಳಿಗೆ ನೆಲ ಹೋದಾಗ, ಯಾವ ಪ್ರತಿಯನ್ನು ಮೊದಲು ತಿದ್ದಬೇಕು? ಸರ್ವೆ ಇಲಾಖೆಯ ಉತ್ತರ ಕಮ್ಮಿ–ಜಾಸ್ತಿ ಪತ್ರಕ. ಯಾವ ನಂಬರಿನ ವಿಸ್ತೀರ್ಣ ಎಷ್ಟು ಕಡಿಮೆಯಾಯಿತು, ಯಾವುದರದ್ದು ಎಷ್ಟು ಹೆಚ್ಚಿತು, ಕಂದಾಯದ ಆಕಾರ ಹೇಗೆ ಪಾಲಾಯಿತು ಎಂಬ ವ್ಯತ್ಯಾಸವನ್ನಷ್ಟೇ ಬರೆದು ಕೆಳಗಿನ ಕಚೇರಿಗಳಿಗೆ ಕಳುಹಿಸುವ ಈ ಪಟ್ಟಿಯನ್ನು ಹಿಡಿದು ಆಕಾರಬಂದ್ ಮತ್ತು ನಕ್ಷೆಗಳ ದುರಸ್ತಿ ನಡೆಯುತ್ತಿತ್ತು. ಇಡೀ ದಾಖಲೆಯನ್ನು ಮತ್ತೆ ಬರೆಯದೆ ಬದಲಾದಷ್ಟನ್ನೇ ಕಳುಹಿಸುವ ಈ ಉಪಾಯವನ್ನು ಆಧುನಿಕ ಆ್ಯಪ್‌ಗಳೂ ಅನುಸರಿಸುತ್ತವೆ. ಆ ಪತ್ರಕ ಬೆಳಗಾವಿಯ ಭೂದಾಖಲೆ ಕಚೇರಿಯಲ್ಲಿ ಇಂದಿಗೂ ಕೆ.ಜೆ.ಪಿ. ಎಂಬ ಸಂಕ್ಷಿಪ್ತ ಹೆಸರಿನಿಂದ ಬಳಕೆಯಲ್ಲಿದೆ. ಪತ್ರಕ ಹೊರಟರೂ ದುರಸ್ತಿ ವರ್ಷಗಟ್ಟಲೆ ಬಾಕಿ ಉಳಿಯುವುದು, ಆಕಾರಬಂದಿನ ವಿಸ್ತೀರ್ಣವೇ ಒಂದು, ಉತಾರದ ವಿಸ್ತೀರ್ಣವೇ ಇನ್ನೊಂದು ಆಗಿರುವುದು ಈ ಭಾಗದ ದಾವೆಗಳಲ್ಲಿ ಹಳೆಯ ಕಥೆ.

ಉತಾರ ಎಂದು ಬೆಳಗಾವಿ ಸೀಮೆಯವರು ಕರೆಯುವುದು ಹಳೆಯ ಮೈಸೂರಿನವರು ಪಹಣಿ ಎನ್ನುವ ಹಕ್ಕುದಾಖಲೆಯನ್ನು. ಮುಂಬಯಿ ಇಲಾಖೆಯಲ್ಲಿ ಅದಕ್ಕೆ ಕಾಯಿದೆಯ ಆಧಾರ ಬಂದದ್ದು 1903ರ ಹಕ್ಕುದಾಖಲೆ ಕಾಯಿದೆಯಿಂದ. ಸರ್ವೆ ಜಮೀನನ್ನು ಅಳೆದಿತ್ತು, ಈ ಕಾಯಿದೆ ಜಮೀನಿನ ಮೇಲೆ ಯಾರಿಗೆ ಯಾವ ಹಕ್ಕಿದೆ ಎಂಬುದನ್ನು ಬರೆಸಿತು. ಕುಲಕರ್ಣಿ ವತನಗಳು 1950ರ ಮುಂಬಯಿ ಕಾಯಿದೆಯಿಂದ ರದ್ದಾಗಿ ಸಂಬಳದ ತಲಾಠಿ ಬಂದನು. 1956ರ ನವೆಂಬರ್ 1ರಂದು ಚಂದಗಡ ತಾಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1964ರ ಭೂಕಂದಾಯ ಕಾಯಿದೆ ಇಡೀ ರಾಜ್ಯಕ್ಕೆ ಒಂದೇ ಕ್ರಮ ತಂದಿತು. ಆದರೆ ದಫ್ತರ ತಲಾಠಿಯ ಕೈಯಲ್ಲೇ ಉಳಿಯಿತು. ಊರಿನ ಪ್ರತಿಯೇ ಸಕಾಲಿಕವಾದ ಪ್ರತಿ, ಏಕೆಂದರೆ ಬದಲಾವಣೆ ಮೊದಲು ಬೀಳುವುದು ಅಲ್ಲಿ; ಆದರೆ ಅದೇ ಕಾರಣಕ್ಕೆ ಅದು ಒಬ್ಬನ ಕೈಬರಹಕ್ಕೆ ಒತ್ತೆಯಿದ್ದ ಪ್ರತಿಯೂ ಆಗಿತ್ತು.

ಈ ಸಡಿಲಿಕೆಯನ್ನು ಕರ್ನಾಟಕ ಸರಕಾರ ಕತ್ತರಿಸಿದ್ದು ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ, ಭೂಮಿ ಯೋಜನೆಯಿಂದ. ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ತಾಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಕೊಡತೊಡಗಿದ ಮೇಲೆ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ತಪ್ಪಿತು. ಊರಿನ ಪ್ರತಿಯನ್ನು ತಿದ್ದುವ ಪ್ರಶ್ನೆಯೇ ಇಲ್ಲದಂತೆ ಊರಿನ ಪ್ರತಿಯನ್ನೇ ಇಲ್ಲವಾಗಿಸುವ ಈ ಕ್ರಮ ಮೋಸವನ್ನು ತಗ್ಗಿಸಿದ್ದು ನಿಜವಾದರೂ, ಕಣಕುಂಬಿಯ ರೈತನಿಗೆ ಅದು ಖಾನಾಪುರಕ್ಕೆ ಮತ್ತೊಂದು ಬಸ್ ಪ್ರಯಾಣವಾಗಿ ಬಂತು. ಭೂಮಿಯ ಗಣಕದಲ್ಲಿ ಇದ್ದುದು ಅಕ್ಷರ ಮತ್ತು ಅಂಕಿ. ಚಿತ್ರ ಹೊರಗೇ ಉಳಿದಿತ್ತು. ಮೋಜಣಿ, ಅಂದರೆ ಭೂಮಾಪನ, ಗಣಕೀಕೃತಗೊಂಡು, ಜಮೀನಿನ ಒಂದು ಭಾಗವನ್ನು ಮಾರಲು ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಕಡ್ಡಾಯವಾದ ಮೇಲಷ್ಟೇ ಚಿತ್ರವೂ ಹಕ್ಕು ಬದಲಾವಣೆಯ ಜೊತೆಗೆ ಹೆಜ್ಜೆ ಹಾಕತೊಡಗಿತು.

ಇಷ್ಟರಲ್ಲಿ ಬೇರೆಡೆ ಇನ್ನೊಂದು ಚರಿತ್ರೆ, ಗಣಕದ ಕ್ಯಾಶ್‌ನದು, ನಡೆದಿತ್ತು. ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ 1965ರಲ್ಲಿ, ದೊಡ್ಡದೂ ನಿಧಾನವೂ ಆದ ನೆನಪಿನ ಕೋಶದ ಮುಂದೆ ಚಿಕ್ಕದೂ ಚುರುಕೂ ಆದ ಇನ್ನೊಂದನ್ನು ಇಟ್ಟು ಪದೇ ಪದೇ ಬೇಕಾಗುವುದನ್ನು ಅದರಲ್ಲಿ ಉಳಿಸಿಕೊಳ್ಳುವ ಯೋಜನೆಯನ್ನು ಪ್ರಕಟಿಸಿದನು. ಐಬಿಎಂ ಸಂಸ್ಥೆ 1968ರಲ್ಲಿ ತನ್ನ ಸಿಸ್ಟಮ್/360 ಮಾಡೆಲ್ 85 ಯಂತ್ರದಲ್ಲಿ ಅದನ್ನು ಮಾರುಕಟ್ಟೆಗೆ ತರುವುದಾಗಿ ಘೋಷಿಸಿತು. ಜಾಲದ ಮೇಲೆ ಇದೇ ತತ್ತ್ವ 1990ರ ದಶಕದಲ್ಲಿ ನಿಯಮಗಳಾಯಿತು: 1996ರ ಎಚ್‌ಟಿಟಿಪಿ ನಿಯಮಾವಳಿಯಲ್ಲಿ ‘ಇಂಥ ದಿನದ ನಂತರ ಬದಲಾಗಿದ್ದರೆ ಮಾತ್ರ ಕಳುಹಿಸು’ ಎಂದು ಕೇಳುವ ವಿಧಾನವಿತ್ತು, 1997ರ ಆವೃತ್ತಿಯಲ್ಲಿ ಚಿತ್ರವೊಂದರ ಪ್ರತಿ ರೂಪಕ್ಕೂ ಗುರುತಿನ ಚೀಟಿ ಅಂಟಿಸಿ ಚೀಟಿ ಹೊಂದಿದರೆ ಹಳೆಯದನ್ನೇ ಬಳಸುವ ಏರ್ಪಾಡು ಬಂತು. ಕಮ್ಮಿ–ಜಾಸ್ತಿ ಪತ್ರಕ ಮೇಲಿನಿಂದ ಕೆಳಕ್ಕೆ ಸುದ್ದಿ ಕಳುಹಿಸುತ್ತಿತ್ತು. ಇಲ್ಲಿ ಕೆಳಗಿನವನೇ ಮೇಲೆ ವಿಚಾರಿಸುತ್ತಾನೆ. ತಲಾಠಿಗೆ ವಿಚಾರಿಸುವ ದಾರಿಯೇ ಇಲ್ಲದಿದ್ದ ಕಾಲದ ಅನುಭವದ ಮುಂದೆ ಎರಡನೆಯದೇ ಮೇಲು ಎಂದು ಹೇಳಬೇಕಾಗುತ್ತದೆ, ಆದರೆ ಅದು ಜಾಲ ಸಿಗುತ್ತಿರುವ ತನಕ ಮಾತ್ರ.

ಮೊಬೈಲಿನಲ್ಲಿ ಚಿತ್ರ ಉಳಿಸುವ ಕೆಲಸದ ಮೊದಲ ದಿನಗಳು ಇಕ್ಕಟ್ಟಿನವು. ಜಾಲಪುಟದ ತಂತ್ರದಿಂದಲೇ ಆ್ಯಪ್ ಕಟ್ಟುವವರಿಗೆ ಸಿಕ್ಕಿದ್ದು ಲೋಕಲ್ ಸ್ಟೋರೇಜ್ ಎಂಬ ಸಂಗ್ರಹ; ಅದರ ಮಿತಿ ಸಾಮಾನ್ಯವಾಗಿ 5 ಎಂಬಿ, ಅದೂ ಅಕ್ಷರಗಳಿಗೆ ಮಾತ್ರ. ಚಿತ್ರವನ್ನು ಅಲ್ಲಿಡಲು ಬೇಸ್64 ಎಂಬ ವಿಧಾನದಿಂದ ಅಕ್ಷರಮಾಲೆಯಾಗಿ ಬದಲಿಸಬೇಕಿತ್ತು, ಆ ಬದಲಾವಣೆಯಲ್ಲಿ ಪ್ರತಿ ಮೂರು ಬೈಟು ನಾಲ್ಕು ಅಕ್ಷರಗಳಾಗಿ ಹಿಗ್ಗುತ್ತಿದ್ದವು. ಒಂದೆರಡು ಒಳ್ಳೆಯ ಫೋಟೊ ಇಟ್ಟರೆ ಜಾಗ ಮುಗಿಯಿತು. ಆದ್ದರಿಂದ ಚಿತ್ರಗಳು ಬೇಗನೆ ಫೋನಿನ ಕಡತಗಳಿಗೆ ಸ್ಥಳಾಂತರಗೊಂಡವು, ಮತ್ತು ಅಲ್ಲಿ ಮೂರು ಅಂತಸ್ತಿನ ಕ್ರಮ ನೆಲೆಯಾಯಿತು: ಪರದೆಯ ಮೇಲಿನ ಚಿತ್ರ ಚುರುಕಾದ ಮೆಮರಿಯಲ್ಲಿ, ಇತ್ತೀಚೆಗೆ ನೋಡಿದ್ದು ಸಂಗ್ರಹದ ಕಡತದಲ್ಲಿ, ಉಳಿದದ್ದು ಸರ್ವರಿನಲ್ಲಿ. ಮೇಲಿನ ಅಂತಸ್ತು ಕಿರಿದಾಗಿರಲು ಕಾರಣವಿದೆ. 4,000 ಅಡ್ಡ, 3,000 ಉದ್ದ ಬಿಂದುಗಳ ಫೋಟೊ ಜೆಪೆಗ್ ರೂಪದಲ್ಲಿ ಕೆಲವೇ ಎಂಬಿ. ಅದನ್ನು ಪರದೆಗೆ ಬಿಡಿಸಿದರೆ ಬಿಂದುವಿಗೆ ನಾಲ್ಕು ಬೈಟಿನಂತೆ 48 ಎಂಬಿ. ಜಾಗ ಸಾಲದಾದಾಗ ಬಹಳ ಹೊತ್ತಿನಿಂದ ಯಾರೂ ನೋಡದ ಚಿತ್ರವನ್ನು ಮೊದಲು ಹೊರಹಾಕುವುದು ರೂಢಿಯ ನಿಯಮ.

ನಕ್ಷೆಯ ಆ್ಯಪ್‌ಗಳಲ್ಲಿ ಚಿತ್ರ ಒಂದೇ ಹಾಳೆಯಾಗಿ ಬರುವುದಿಲ್ಲ, ಸಾಮಾನ್ಯವಾಗಿ 256 ಬಿಂದುಗಳ ಚೌಕಗಳಾಗಿ ಬರುತ್ತದೆ. ಖಾನಾಪುರದ ಅಕ್ಷಾಂಶದಲ್ಲಿ ಹದಿನೈದನೆಯ ಹಂತದ ಒಂದು ಚೌಕ ಸುಮಾರು 1.2 ಕಿಲೋಮೀಟರ್ ಅಗಲದ ನೆಲವನ್ನು ತೋರಿಸಿದರೆ, ಗದ್ದೆಯ ಬದು ಕಾಣುವ ಹದಿನೆಂಟನೆಯ ಹಂತದಲ್ಲಿ ಅದು ಸುಮಾರು 147 ಮೀಟರ್‌ಗೆ ಇಳಿಯುತ್ತದೆ. ಹತ್ತು ಚದರ ಕಿಲೋಮೀಟರಿನ ಒಂದು ಊರಿಗೆ ಈ ಹಂತದಲ್ಲಿ 450ಕ್ಕೂ ಹೆಚ್ಚು ಚೌಕಗಳು ಬೇಕು. ಆದರೂ ಅವೆಲ್ಲ ಸೇರಿ ಕೆಲವು ಎಂಬಿಗಳಲ್ಲಿ ಮುಗಿಯುತ್ತವೆ. ಕುಲಕರ್ಣಿಯ ರುಮಾಲಿನ ಒಂದು ಹಾಳೆ ಹೀಗೆ ಮತ್ತೆ ಊರಿಗೆ ಬರುವುದು ಸಾಧ್ಯವಾಯಿತು.

ಅದು ಬಂದ ಒಂದು ದಾರಿ ಬೆಳೆ ಸಮೀಕ್ಷೆಯ ಆ್ಯಪ್. ಕಳೆದ ದಶಕದ ಕೊನೆಯ ವರ್ಷಗಳಿಂದ ಕರ್ನಾಟಕದಲ್ಲಿ ಪ್ರತಿ ಹಂಗಾಮಿನ ಬೆಳೆಯನ್ನು ಮೊಬೈಲಿನಲ್ಲಿ ದಾಖಲಿಸಲಾಗುತ್ತಿದ್ದು, ಇಲಾಖೆಯ ಸಿಬ್ಬಂದಿಯ ಜೊತೆಗೆ ಖಾಸಗಿ ನಿವಾಸಿ ಎಂದು ಕರೆಯುವ ಊರಿನ ಯುವಕರೂ, 2020ರ ಮುಂಗಾರಿನಿಂದ ರೈತರೂ ಸ್ವತಃ ಈ ಕೆಲಸ ಮಾಡುತ್ತಾರೆ. ಸಮೀಕ್ಷೆ ಮಾಡುವವನು ಜಾಲ ಇರುವ ಕಡೆ ಊರಿನ ಸರ್ವೆ ನಂಬರುಗಳ ವಿವರವನ್ನೂ ಗಡಿರೇಖೆಯ ನಕ್ಷೆಯನ್ನೂ ಫೋನಿಗೆ ಇಳಿಸಿಕೊಳ್ಳುತ್ತಾನೆ. ಹೊಲಕ್ಕೆ ಹೋಗಿ, ಉಪಗ್ರಹದ ಸಂಕೇತದಿಂದ ತಾನು ನಿಂತ ಜಾಗ ಆ ಗಡಿಯೊಳಗಿದೆ ಎಂದು ಖಚಿತಪಡಿಸಿಕೊಂಡು, ಬೆಳೆಯನ್ನು ಆಯ್ದು ಅದರ ಫೋಟೊ ತೆಗೆಯುತ್ತಾನೆ. ಫೋಟೊ ಸ್ಥಳದ ಅಕ್ಷಾಂಶ ರೇಖಾಂಶಗಳೊಂದಿಗೆ ಫೋನಿನಲ್ಲೇ ಉಳಿದು, ಜಾಲ ಸಿಕ್ಕ ಮೇಲೆ ಸರ್ವರಿಗೆ ಏರುತ್ತದೆ. ಭೀಮಗಡದ ಕಣಿವೆಗಳಲ್ಲಿ ಟವರಿನ ಸಂಕೇತ ಸಿಗದ ಊರುಗಳಿಗೆ ಈ ಎರಡು ಹಂತದ ಕ್ರಮ ಅನುಕೂಲಕ್ಕಿಂತ ಹೆಚ್ಚಾಗಿ ಅನಿವಾರ್ಯ. ಈ ಫೋಟೊಗಳ ತೂಕವೂ ಕಡಿಮೆಯದಲ್ಲ, ಬೆಳೆ ವಿಮೆ, ಬೆಂಬಲ ಬೆಲೆ, ಅತಿವೃಷ್ಟಿಯ ಪರಿಹಾರಗಳಿಗೆ ಆಧಾರವಾಗುವುದು ಈ ದಾಖಲೆಯೇ.

ಇಂಥ ಆ್ಯಪ್‌ನ ಹೊಟ್ಟೆಯಲ್ಲಿ ಎರಡು ಜಾತಿಯ ಚಿತ್ರಗಳು ಅಕ್ಕಪಕ್ಕದಲ್ಲಿ ಇರುತ್ತವೆ. ಇಳಿಸಿಕೊಂಡ ನಕ್ಷೆ ನಕಲು, ಅಳಿಸಿದರೆ ಮತ್ತೆ ಇಳಿಸಬಹುದು. ಇನ್ನೂ ಏರಿಸದ ಬೆಳೆಯ ಫೋಟೊ ಟಿಪ್ಪಣದ ದರ್ಜೆಯದು: ಆ ದಿನದ ಆ ಗದ್ದೆಯ ಸ್ಥಿತಿಗೆ ಜಗತ್ತಿನಲ್ಲಿ ಅದೊಂದೇ ಸಾಕ್ಷಿ, ಕಟಾವಾದ ಮೇಲೆ ಮತ್ತೆ ತೆಗೆಯಲು ಬೆಳೆಯೇ ಇರುವುದಿಲ್ಲ. ಆಂಡ್ರಾಯ್ಡ್ ವ್ಯವಸ್ಥೆ ಕ್ಯಾಶ್ ಎಂದು ಗುರುತಿಸಿದ ಕಡತಗಳನ್ನು ಜಾಗದ ಅಭಾವವಾದಾಗ ಯಾರನ್ನೂ ಕೇಳದೆ ಅಳಿಸುವ ಅಧಿಕಾರ ಇಟ್ಟುಕೊಂಡಿದೆ; ಆ್ಯಪ್‌ನ ಖಾಸಗಿ ಸಂಗ್ರಹವನ್ನು ಹಾಗೆ ಮುಟ್ಟುವುದಿಲ್ಲ, ಆದರೆ ಬಳಕೆದಾರನೇ ಸೆಟ್ಟಿಂಗಿಗೆ ಹೋಗಿ ಸಂಗ್ರಹ ತೆರವುಗೊಳಿಸಿದರೆ ಎರಡೂ ಹೋಗುತ್ತವೆ. ಆದ್ದರಿಂದ ಆ್ಯಪ್ ಕಟ್ಟುವವನು ಮೊದಲು ಮಾಡಬೇಕಾದ ತೀರ್ಮಾನ ಯಾವ ಚಿತ್ರ ಯಾವ ಗಂಟಿಗೆ ಎಂಬುದು. ಫೋಟೊವನ್ನು ಕ್ಯಾಶ್‌ನಲ್ಲಿ ಇಟ್ಟವನು, ಅಥವಾ ಸರ್ವರಿನಿಂದ ಸ್ವೀಕೃತಿ ಬರುವ ಮುಂಚೆಯೇ ಅಳಿಸಿದವನು, ಟಿಪ್ಪಣವನ್ನು ಊರ ನಕ್ಷೆಯ ಜೊತೆ ಒದ್ದೆ ಚಾವಡಿಯಲ್ಲಿ ಬಿಟ್ಟುಬಂದ ಗುಮಾಸ್ತನ ಕೆಲಸವನ್ನೇ ಮಾಡಿದಂತೆ.

ಫೋನಿನ ನಕ್ಷೆಗೆ ಇನ್ನೊಂದು ಮಿತಿ ಸರ್ವೆಯ ಕಾಲದಿಂದಲೇ ಬಂದದ್ದು. ಗಡಿರೇಖೆಗಳು ಹಳೆಯ 1:7,920ರ ಗ್ರಾಮ ನಕ್ಷೆಗಳಿಂದ ಗಣಕಕ್ಕೆ ಇಳಿದವು. ಆ ಪ್ರಮಾಣದಲ್ಲಿ ಅರ್ಧ ಮಿಲಿಮೀಟರಿನ ತಪ್ಪು ನೆಲದ ಮೇಲೆ ನಾಲ್ಕು ಮೀಟರ್ ಆಗುತ್ತದೆ. ಅದಕ್ಕೆ ಫೋನಿನ ಸ್ಥಾನನಿರ್ಣಯದ ಕೆಲವು ಮೀಟರುಗಳ ಅನಿಶ್ಚಯವನ್ನು, ಮರ ಗುಡ್ಡಗಳ ಮರೆಯಲ್ಲಿ ಇನ್ನೂ ಹೆಚ್ಚಾಗುವುದನ್ನು, ಸೇರಿಸಿದರೆ ಮೊತ್ತ ಒಂದು ಸರಪಳಿಯ, ಅಂದರೆ ಹತ್ತು ಮೀಟರಿನ, ಹತ್ತಿರ ಬರುತ್ತದೆ. ಇಟಗಿಯ ಕಡೆಯ ಎಕರೆಗಟ್ಟಲೆ ಹೊಲದಲ್ಲಿ ಇದು ಗಮನಕ್ಕೂ ಬಾರದು. ಜಾಂಬೋಟಿಯ ಕಡೆಯ ಎರಡು ಗುಂಟೆ ಗದ್ದೆಯಲ್ಲಿ ಸ್ವಂತ ಭತ್ತದ ನಡುವೆ ನಿಂತ ರೈತನನ್ನು ಆ್ಯಪ್ ಪಕ್ಕದವನ ಹಿಸ್ಸೆಯಲ್ಲಿ ನಿಲ್ಲಿಸಬಹುದು. ಬೆಳಗಾವಿ ನಗರದೊಳಗೆ ಸಿ.ಟಿ.ಎಸ್. ನಂಬರಿನ, ಅಂದರೆ ನಗರ ಸರ್ವೆಯ, ಎಷ್ಟೋ ಆಸ್ತಿಗಳು ಗುಂಟೆಗಿಂತಲೂ ಚಿಕ್ಕವಾದ್ದರಿಂದ ಅಲ್ಲಿ ಪರದೆಯ ಗೆರೆಯನ್ನು ಗೋಡೆಗೆ ಹೊಂದಿಸಲು ಯಾರೂ ಹೋಗುವುದಿಲ್ಲ.

ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್ ನಿಂತ ನೆಲದ ಸರ್ವೆ ನಂಬರನ್ನು ಯಾರಿಗಾದರೂ ತೋರಿಸುತ್ತದೆ, 2024ರಲ್ಲಿ ಆರಂಭವಾದ ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ದಾಖಲೆ ಕೋಣೆಗಳ ಹಳೆಯ ಕಾಗದಗಳು ಸ್ಕ್ಯಾನ್ ಆಗುತ್ತಿವೆ. ಆದರೂ ಬದುವಿನ ತಕರಾರು ಬಂದಾಗ ಪರದೆಯ ಚಿತ್ರದಿಂದ ಇತ್ಯರ್ಥವಾಗುವುದಿಲ್ಲ. ಅರ್ಜಿ ಕೊಟ್ಟು ಶುಲ್ಕ ತುಂಬಿದ ಮೇಲೆ ಭೂಮಾಪಕನು ಭೂದಾಖಲೆ ಕಚೇರಿಯಿಂದ ಟಿಪ್ಪಣದ ಪ್ರತಿ ತೆಗೆಸಿಕೊಂಡು ಬಂದು, ನೆರೆಯವರಿಗೆ ನೋಟಿಸು ಮುಟ್ಟಿಸಿ, ಗಡಿಗೆ ನೆಟ್ಟ ಬಾಂದುಕಲ್ಲುಗಳನ್ನು ಹುಡುಕಿ, ಸರಪಳಿ–ಆಣೆಗಳ ಹಳೆಯ ಅಂಕಿಗಳನ್ನು ಮೀಟರಿಗೆ ಬದಲಿಸಿ ಅಳೆಯುತ್ತಾನೆ. ಅಳತೆಯ ನಂತರ ಸಿದ್ಧವಾಗುವ ಹೊಸ ನಕ್ಷೆ ಮೋಜಣಿಯ ಸರ್ವರಿಗೆ ಏರುತ್ತದೆ, ಅದಕ್ಕೆ ತಕ್ಕ ಆಕಾರಬಂದ್ ದುರಸ್ತಿಯ ಕಡತ ಕೆ.ಜೆ.ಪಿ.ಯ ಸರದಿಯಲ್ಲಿ ಸೇರಿಕೊಳ್ಳುತ್ತದೆ.